ಮೂರು ದಿನ ಬಳಸಿ ನೋಡಿದೆವು

ಊರ ಮಂದಿ ಬೆಳಿಗ್ಗೆ ಎದ್ದು ದೇವರ ಪಟ ನೋಡುತ್ತಾರೆ. ನಾನು ಹಲ್ಲುಜ್ಜುವ ಮೊದಲೇ ಎದುರಾಳಿಗಳ ಮುಖ ನೋಡುತ್ತಿದ್ದೆ. ಅಂಧೇರಿಯಲ್ಲಿ ಆಫೀಸು, ವಿಲೆ ಪಾರ್ಲೆಯಲ್ಲಿ ನನ್ನ ಬಾಡಿಗೆ ಕೋಣೆ, ನಡುವೆ ಒಂದೇ ಸ್ಟೇಷನ್ನಿನಷ್ಟು ದಾರಿ. ಆ ಒಂದು ಸ್ಟೇಷನ್ ದಾಟುವುದರೊಳಗೆ, ಲೋಕಲ್‌ನಲ್ಲಿ ಯಾರದೋ ಮೊಣಕೈ ಪಕ್ಕೆಗೆ ತಿವಿಯುತ್ತಿರುವಾಗಲೇ, ಕನ್ನಡದ ನಾಲ್ಕು ತಂತ್ರಜ್ಞಾನ ಬ್ಲಾಗುಗಳು ಹೊಸದಾಗಿ ಏನೇನು ಬರೆದಿವೆ ಎಂದು ನೋಡಿ ಮುಗಿಸಿರುತ್ತಿದ್ದೆ. ನಮ್ಮದು ಐದನೆಯದು. ಹಲವು ಭಾಷೆಗಳಲ್ಲಿ ಬರುತ್ತಿದ್ದ ಬ್ಲಾಗು ಅದು. ಕನ್ನಡ ವಿಭಾಗವೆಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಎರಡು ಕುರ್ಚಿ. ಒಂದು ಸಂಪಾದಕರದು, ಒಂದು ನನ್ನದು.

ಆಫೀಸಿಗೆ ಹೋದ ಕೂಡಲೇ ಒಂದು ತಖ್ತೆ, ಅಂದರೆ ಕೋಷ್ಟಕ, ತುಂಬಬೇಕಿತ್ತು. ಯಾವ ಫೋನಿನ ಬಗ್ಗೆ ಯಾರು ಮೊದಲು ಬರೆದರು, ತಲೆಬರಹ ಏನಿಟ್ಟರು, ಓದುಗನನ್ನು ಏನೆಂದು ಕರೆದರು, ಎಷ್ಟನೆಯ ಸಾಲಿಗೆ ‘ಕೊಳ್ಳಿ’ ಎಂದರು. ಸಂಪಾದಕರು ಅದನ್ನು ಜಾತಕ ಎನ್ನುತ್ತಿದ್ದರು. ಅವರು ಮಂಗಳೂರು ಕಡೆಯವರು, ಒಳ್ಳೆಯ ಮನುಷ್ಯರೇ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಓದುತ್ತ ನಿಮಗೆ ಅವರ ಮೇಲೆ ಸಿಟ್ಟು ಬರುತ್ತದೆ, ಆ ಸಿಟ್ಟು ಸೇರಬೇಕಾದದ್ದು ನನಗೆ.

ಎದುರಾಳಿಗಳಿಗೆಲ್ಲ ನಾನು ಒಂದೊಂದು ಅಡ್ಡಹೆಸರು ಇಟ್ಟಿದ್ದೆ. ಮೊದಲನೆಯವರು ಓಟದವರು. ಕಂಪನಿ ಬಾಯಿ ತೆರೆಯುವ ಮೊದಲೇ ಬರೆದು ಹಾಕುತ್ತಿದ್ದರು. ಮಧ್ಯಾಹ್ನ ಅದನ್ನು ತಿದ್ದುತ್ತಿದ್ದರು, ಸಂಜೆಗೆ ತಿದ್ದಿದ್ದನ್ನೂ ತಿದ್ದುತ್ತಿದ್ದರು. ಎರಡನೆಯವರು ಪಟ್ಟಿಯವರು. ಫೋನಿರಲಿ, ಫ್ಯಾನಿರಲಿ, ಕೊಳ್ಳಲು ಏಳು ಕಾರಣ. ಏಳನೆಯ ಕಾರಣ ಯಾವಾಗಲೂ ‘ಬಣ್ಣ ಚೆನ್ನಾಗಿದೆ’. ಮೂರನೆಯವರು ದೋಸ್ತಿಯವರು. ‘ಗುರೂ’ ಎಂದು ಓದುಗನ ಹೆಗಲ ಮೇಲೆ ಕೈ ಹಾಕುತ್ತಿದ್ದರು, ಇನ್ನೊಂದು ಕೈ ಅವನ ಕಿಸೆಯಲ್ಲಿ ಇರುತ್ತಿತ್ತು. ನಾಲ್ಕನೆಯವರನ್ನು ನಾನು ಮಾಸ್ತರು ಎಂದು ಕರೆಯುತ್ತಿದ್ದೆ. ಒಬ್ಬರೇ ಮನುಷ್ಯ, ಯಾವ ಊರಿನವರೋ ನನಗೆ ಇಂದಿಗೂ ಗೊತ್ತಿಲ್ಲ. ಎಲ್ಲರೂ ಮರೆತ ಮೇಲೆ ಅವರ ಲೇಖನ ಬರುತ್ತಿತ್ತು. ‘ಹನ್ನೊಂದನೆಯ ದಿನ ಬಲಗಡೆಯ ಗುಂಡಿ ಸಡಿಲವಾಯಿತು’ ಎಂಬಂಥ ಸಾಲುಗಳು. ಜ್ವರ ನೋಡುವ ಥರ್ಮಾಮೀಟರನ್ನು ಫೋನಿಗೆ ಹಿಡಿದು ತೆಗೆದ ಫೋಟೋಗಳು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ನಾನು, ಸಂಪಾದಕರು ಇಬ್ಬರೂ ನಗುತ್ತಿದ್ದೆವು. ತಖ್ತೆಯಲ್ಲಿ ಅವರ ಹೆಸರಿನ ಚೌಕದೊಳಗೆ ದಿನಾ ಒಂದೇ ಶಬ್ದ ಬರೆಯುತ್ತಿದ್ದೆ: ‘ಹಿಂದೆ’.

ನಮ್ಮ ಉಪಾಯ ಬೇರೆಯೇ ಇತ್ತು. ನಾವು ಮೊದಲಿಗರಾಗುತ್ತಿರಲಿಲ್ಲ. ಓಟದವರು ಓಡಿ, ಪಟ್ಟಿಯವರು ಎಣಿಸಿ, ದೋಸ್ತಿಯವರು ಹೆಗಲು ತಟ್ಟಿದ ಮೇಲೆ, ಒಂದು ದಿನ ಸುಮ್ಮನಿದ್ದು, ಗಂಭೀರವಾಗಿ ಬರುತ್ತಿದ್ದೆವು. ನಮ್ಮ ಪ್ರತಿ ಲೇಖನವೂ ಒಂದೇ ಸಾಲಿನಿಂದ ಶುರುವಾಗುತ್ತಿತ್ತು: ‘ಇದನ್ನು ನಾವು ಮೂರು ದಿನ ಬಳಸಿ ನೋಡಿದೆವು.’ ನಾನು ಸೇರಿದ ಹೊಸದರಲ್ಲಿ ನಿಜವಾಗಿಯೂ ಬಳಸುತ್ತಿದ್ದೆವು. ಆಮೇಲೆ ಮೂರು ದಿನ ಎರಡಾಯಿತು, ಎರಡು ಹೋಗಿ ಒಂದು ಮಧ್ಯಾಹ್ನವಾಯಿತು, ಕಡೆಗೆ ಡಬ್ಬಿ ಬರುವ ಮೊದಲೇ ಲೇಖನ ಹೋಗತೊಡಗಿತು. ಸಾಲು ಮಾತ್ರ ಉಳಿಯಿತು. ಮೂವರೂ ಬ್ಯಾಟರಿ ಚೆನ್ನಾಗಿದೆ ಎಂದರೆ ಚೆನ್ನಾಗಿಯೇ ಇರಬೇಕಲ್ಲ, ನಾಲ್ಕನೆಯವಳಾಗಿ ಅದನ್ನೇ ಹೇಳಿದರೆ ಏನು ಗಂಟು ಹೋಗುತ್ತದೆ ಎಂದುಕೊಂಡಿದ್ದೆ. ಎಲ್ಲರ ಮನೆ ದೋಸೆಯೂ ತೂತೇ ಎಂದು ಸಮಾಧಾನವನ್ನೂ ಮಾಡಿಕೊಂಡಿದ್ದೆ.

ಈ ಸಾಲನ್ನು ಜಗತ್ತಿನಲ್ಲಿ ಯಾರೂ ಗಮನವಿಟ್ಟು ಓದುವುದಿಲ್ಲ ಎಂಬ ಧೈರ್ಯ ನನಗಿತ್ತು. ಒಬ್ಬಳು ಓದುತ್ತಿದ್ದಳು, ನನ್ನ ಅವ್ವ. ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತಳಾದವಳು. ದಹಿಸರ್‌ನ ಒಂದು ಚಾಳಿನಲ್ಲಿ, ಸಾಲು ಕೋಣೆಗಳ ವಠಾರದಲ್ಲಿ, ಅಕ್ಕ ಮತ್ತು ಭಾವನ ಜೊತೆ ಇರುತ್ತಾಳೆ. ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡು, ಬೆರಳಿಟ್ಟು, ನನ್ನ ಲೇಖನಗಳನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದಳು. ಪ್ರೊಸೆಸರ್ ಎಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ, ಅದು ಬೇಕಾಗಿಯೂ ಇರಲಿಲ್ಲ. ಮಗಳು ಒಂದು ವಸ್ತುವನ್ನು ಮೂರು ದಿನ ಬಳಸಿ, ಪರೀಕ್ಷೆ ಮಾಡಿ, ಆಮೇಲೆ ನಾಲ್ಕು ಮಂದಿಗೆ ಹೇಳುತ್ತಾಳೆ ಎಂಬುದೇ ಅವಳಿಗೆ ಹೆಮ್ಮೆ. ಅವಳ ಕರಿಹಲಗೆಯ ಮೇಲ್ಗಡೆ ವರ್ಷವಿಡೀ ಒಂದೇ ಗಾದೆ ಇರುತ್ತಿತ್ತಂತೆ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ‘ನನ್ನ ಮಗಳು ಅದನ್ನs ಮಾಡಾಕತ್ಯಾಳ’ ಎಂದು ಚಾಳಿನವರ ಮುಂದೆಲ್ಲ ಹೇಳಿಕೊಂಡು ಬಂದಿದ್ದಳು. ನನಗೆ ಕೇಳಿ ನಗು ಬರುತ್ತಿತ್ತು. ಎಂಥ ನಗು ಅದು, ಈಗ ನೆನೆದರೆ ಮೈ ಉರಿಯುತ್ತದೆ.

ಆ ಅಕ್ಟೋಬರಿನ ಧಗೆಯಲ್ಲಿ ಒಂದು ಹೊಸ ಕಂಪನಿಯ ಪವರ್ ಬ್ಯಾಂಕ್ ಬಂತು. ಅಂಗೈಯಗಲದ ಕರಿಯ ಡಬ್ಬಿ, ಬೆಲೆ ಕಡಿಮೆ. ಕಂಪನಿ ಎಲ್ಲ ಬ್ಲಾಗುಗಳಿಗೂ ಒಂದು ಪ್ರೆಸ್ ನೋಟ್ ಕಳಿಸಿತ್ತು. ಓಟದವರು ಓಡಿದರು, ಪಟ್ಟಿಯವರು ಏಳು ಕಾರಣ ಕೊಟ್ಟರು, ದೋಸ್ತಿಯವರು ‘ತಗೋ ಗುರೂ’ ಎಂದರು. ಒಂದು ದಿನ ಬಿಟ್ಟು ನಾನು ನಮ್ಮ ಸಾಲನ್ನು ಮೇಲೆ ಹಾಕಿ, ಮೂವರದನ್ನೂ ಕಲೆಸಿ, ‘ತುಂಬಿದಾಗ ನಾಲ್ಕು ನೀಲಿ ದೀಪಗಳು ಹೊತ್ತಿಕೊಳ್ಳುವುದು ನೋಡಲು ಚೆಂದ, ಭರವಸೆಯಿಂದ ಕೊಳ್ಳಬಹುದು’ ಎಂದು ಬರೆದೆ. ನಮಗೆಂದು ಕಂಪನಿ ಕಳಿಸಿದ ಡಬ್ಬಿ ಮರುದಿನ ಬಂತು. ಸೀಲು ಒಡೆಯದೆ ಸಂಪಾದಕರ ಕಪಾಟಿನಲ್ಲಿ ಕೂತಿತು. ದೀಪಾವಳಿಗೆ ಯಾರಿಗಾದರೂ ಕೊಡಲು ಆಗುತ್ತದೆ ಎಂದು ಅವರ ಲೆಕ್ಕ.

ಭಾವನಿಗೆ ದಹಿಸರ್ ಸ್ಟೇಷನ್ನಿನ ಹತ್ತಿರ ಒಂದು ಗೂಡಂಗಡಿ ಇದೆ. ಮೊಬೈಲ್ ಕವರು, ವಯರು, ಇಯರ್‌ಫೋನು. ಈಗ ಲೋಕಲ್‌ನ ಪಾಸೂ ಫೋನಿನಲ್ಲೇ ಇರುವುದರಿಂದ ಫೋನು ಸತ್ತರೆ ಟಿ.ಸಿ. ಕೈಗೆ ಸಿಕ್ಕಂತೆಯೇ. ಹಾಗಾಗಿ ಪವರ್ ಬ್ಯಾಂಕಿಗೆ ಗಿರಾಕಿ ಬಹಳ. ಭಾವ ನನ್ನ ಲೇಖನವನ್ನು ಪ್ರಿಂಟ್ ಹಾಕಿಸಿ ಅಂಗಡಿಯ ಗಾಜಿಗೆ ಅಂಟಿಸಿ, ಇಪ್ಪತ್ತನಾಲ್ಕು ಡಬ್ಬಿ ತರಿಸಿದ್ದ. ಅವನದೊಂದು ಪದ್ಧತಿ ಇತ್ತು. ಅರೆತುಂಬಿದ ವಸ್ತು ಗಿರಾಕಿಗೆ ಕೊಡುವುದಿಲ್ಲ; ಕೈಗೆ ತೆಗೆದುಕೊಂಡ ಕೂಡಲೇ ಎಲ್ಲ ದೀಪ ಹತ್ತಬೇಕು, ಅದು ಬೋಣಿಗೆಯ ಲಕ್ಷಣ ಎನ್ನುತ್ತಿದ್ದ. ಗೂಡಂಗಡಿಯಲ್ಲಿ ಇದ್ದದ್ದು ಒಂದೇ ಪ್ಲಗ್ಗು. ಆದ್ದರಿಂದ ದಿನಾ ಆರು ಡಬ್ಬಿಗಳನ್ನು ಮನೆಯಲ್ಲೇ ಚಾರ್ಜಿಗೆ ಹಚ್ಚಿ ಹೋಗುತ್ತಿದ್ದ. ಮನೆಯೆಂದರೆ ಒಂದೇ ಕೋಣೆ. ಚಾರ್ಜಿಗೆ ಹಚ್ಚುತ್ತಿದ್ದ ಜಾಗ ಅವ್ವನ ಮಂಚದ ತಲೆಯ ಕಡೆಯ ಹಲಗೆ, ದೇವರ ಪಟದ ಕೆಳಗೆ.

ಭಾನುವಾರ ಊಟಕ್ಕೆ ಹೋದಾಗ ಅದನ್ನು ಮೊದಲು ನೋಡಿದೆ. ಅಕ್ಕ ರೊಟ್ಟಿ, ಝುಣಕ ಬಡಿಸಿದ್ದಳು. ನೆಲಕ್ಕೆ ಕೂತು ತಲೆಯೆತ್ತಿದರೆ ಹಲಗೆಯ ಮೇಲೆ ಆರು ಕರಿಯ ಡಬ್ಬಿಗಳು, ಸಣ್ಣ ನೀಲಿ ದೀಪಗಳು ಹತ್ತಿ ಆರುತ್ತಿದ್ದವು. ಕೋಣೆ ಮೊದಲೇ ಸೆಕೆ. ಮಧ್ಯಾಹ್ನ ಮಲಗಿದಾಗ ಆ ದೀಪ ನೋಡುತ್ತ ಇರುತ್ತೇನೆ, ಹೊತ್ತು ಹೋಗುತ್ತದೆ ಎಂದಳು ಅವ್ವ. ಆಮೇಲೆ ಕನ್ನಡಕ ಏರಿಸಿ, ಹೋಂವರ್ಕ್ ನೋಡುವ ದನಿಯಲ್ಲಿ ಕೇಳಿದಳು:

“ನೀ ನಾಕ ದೀಪ ಅಂತ ಬರದೀಯಲ್ಲ. ಇದಕ್ಕ ಮೂರs ಅದಾವ. ಎಲ್ಲಾದಕ್ಕೂ ಮೂರs.”

ಹೊಸ ಮಾಲಿನಲ್ಲಿ ಒಂದು ಕಡಿಮೆ ಮಾಡಿರಬೇಕು ಎಂದೆ. ಅವ್ವ ತಲೆಯಾಡಿಸಿದಳು. ಮಗಳು ಮೂರು ದಿನ ನೋಡಿದ್ದಾಳಲ್ಲ, ಅವಳಿಗೆ ಗೊತ್ತಿರುತ್ತದೆ. ಅವ್ವ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು, ನಾನು ಅದನ್ನೂ ತಿಂದೆ.

ಸೋಮವಾರ ಬೆಳಿಗ್ಗೆ ತಖ್ತೆ ತೆರೆದು ಮೂರೂ ಬ್ಲಾಗುಗಳ ಲೇಖನಗಳನ್ನು ಸಾಲಾಗಿ ಇಟ್ಟುಕೊಂಡು ಓದಿದೆ. ಓಟದವರು: ನಾಲ್ಕು ದೀಪ. ಪಟ್ಟಿಯವರು: ಐದನೆಯ ಕಾರಣ, ನಾಲ್ಕು ದೀಪ. ದೋಸ್ತಿಯವರು: ನಾಲ್ಕು ದೀಪ ನೋಡು ಗುರೂ. ಪ್ರೆಸ್ ನೋಟ್ ತೆಗೆದು ನೋಡಿದೆ. ಅಲ್ಲಿ ಟೈಪು ಮಾಡಿದ ಯಾರೋ ನಾಲ್ಕು ಎಂದು ಹೊಡೆದಿದ್ದರು. ಇಷ್ಟು ವರ್ಷ ಇವರ ಶೈಲಿ, ಅವರ ಶೈಲಿ ಎಂದು ನಾನು ಹೋಲಿಸುತ್ತ ಕೂತಿದ್ದೆನಲ್ಲ, ಒಳಗೆ ಎಲ್ಲರದೂ ಒಂದೇ ಕಾಗದ. ನಮ್ಮದೂ ಸೇರಿ ಅದರ ಬಗ್ಗೆ ಬರೆದ ನಾಲ್ಕು ಬ್ಲಾಗುಗಳಲ್ಲಿ ಒಬ್ಬರೂ ಆ ಡಬ್ಬಿಯನ್ನು ಒಮ್ಮೆಯೂ ಚಾರ್ಜಿಗೆ ಹಚ್ಚಿರಲಿಲ್ಲ. ಹಚ್ಚಿದ್ದರೆ ಮೂರು ಎಂದು ಯಾರಾದರೊಬ್ಬರು ಬರೆಯುತ್ತಿದ್ದರು. ಓಟದವರು ಹಚ್ಚಿರುತ್ತಾರೆ ಎಂದು ಪಟ್ಟಿಯವರು, ಪಟ್ಟಿಯವರು ಹಚ್ಚಿರುತ್ತಾರೆ ಎಂದು ದೋಸ್ತಿಯವರು, ಮೂವರೂ ಹಚ್ಚಿರುತ್ತಾರೆ ಎಂದು ನಾನು.

ಉಳಿದವರು ಮಾಸ್ತರು. ಅವರ ಬ್ಲಾಗಿನಲ್ಲಿ ಆ ಡಬ್ಬಿಯ ಸುದ್ದಿಯೇ ಇರಲಿಲ್ಲ. ಎಂದಿನಂತೆ ‘ಹಿಂದೆ’ ಎಂದು ಬರೆಯಲು ಕೈ ಹೋಯಿತು, ಬರೆಯಲಿಲ್ಲ. ಅವರಿಗೆ ಒಂದು ಮೇಲ್ ಹಾಕಿದೆ. ನಾನು ಇಂಥ ಬ್ಲಾಗಿನವಳು, ನಿಮ್ಮ ಪರೀಕ್ಷೆ ಎಲ್ಲಿಗೆ ಬಂತು ಎಂದು, ಏನೂ ಗೊತ್ತಿಲ್ಲದವಳ ಹಾಗೆ. ಬುಧವಾರ ಬೆಳಿಗ್ಗೆ ಉತ್ತರ ಬಂತು. ಆ ಕಾಗದ ನನಗೆ ಬಾಯಿಪಾಠವಾಗಿದೆ. ‘ನನ್ನ ಹತ್ತಿರ ಎರಡಿವೆ. ಪೂರ್ತಿ ತುಂಬಿದ ಮೇಲೂ ಒಳಗೆ ಕರೆಂಟು ಹೋಗುವುದು ನಿಲ್ಲುತ್ತಿಲ್ಲ ಎಂದು ಸಂಶಯ. ಒಂದು ಉಬ್ಬಿದೆ, ಇನ್ನೊಂದು ಮುಟ್ಟಲಾರದಷ್ಟು ಬಿಸಿಯಾಗುತ್ತಿದೆ. ಆದರೆ ನೀವು ಮೂರು ದಿನ ಬಳಸಿ ಏನೂ ತೊಂದರೆ ಇಲ್ಲ ಎಂದು ಬರೆದಿದ್ದೀರಿ. ಉಳಿದವರ ಮಾತು ಬಿಡಿ, ನೀವು ನಿಧಾನಿಗಳು. ಹಾಗಾಗಿ ದೋಷ ನನ್ನ ಎರಡರಲ್ಲೇ ಇರಬಹುದೆಂದು ತಡೆದಿದ್ದೇನೆ. ದಯವಿಟ್ಟು ತಿಳಿಸಿ, ನೀವು ಬಳಸಿದಾಗ ಅದು ಬಿಸಿಯಾಯಿತೇ?’

ಬಿಸಿಯಾಯಿತೇ. ಆ ಪ್ರಶ್ನೆಯ ಕೆಳಗೆ ಉತ್ತರ ಬರೆಯುವ ಜಾಗ ಖಾಲಿ ಇತ್ತು. ನಾವು ನಕ್ಕಿದ್ದ ಆ ಎಡವಟ್ಟ ಮನುಷ್ಯ ನನ್ನ ಒಂದು ಸುಳ್ಳು ಸಾಲನ್ನು ನಂಬಿ, ತನ್ನ ಕಣ್ಣಾರೆ ಕಂಡದ್ದನ್ನು ಬರೆಯದೆ ತಡೆದಿದ್ದರು. ಅವರ ಬಾಯಿ ಮುಚ್ಚಿಸಿದವಳು ನಾನೇ.

ಸಂಪಾದಕರಿಗೆ ಕಾಗದ ತೋರಿಸಿದೆ. ಲೇಖನ ತೆಗೆದುಬಿಡೋಣ ಎಂದೆ. ಅವರು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು, ಮೆಲ್ಲಗೆ ಹೇಳಿದರು. “ಅಲ್ಲ ಮಾರಾಯ್ತಿ, ಮೊದಲು ನಾವೇ ಯಾಕೆ ಒಪ್ಪಿಕೊಳ್ಳುವುದು? ಓಟದವರು ಹಾಕಲಿ. ಒಂದು ದಿನ ಬಿಟ್ಟು ನಾವು ಹಾಕುವ.” ಅವರ ಪ್ರಕಾರ ಅದು ನಮ್ಮ ಪದ್ಧತಿ, ತಪ್ಪೊಪ್ಪಿಗೆಗೂ ಅದೇ ಪದ್ಧತಿ. ಲೇಖನ ತೆಗೆಯುವ ಗುಂಡಿ ನನ್ನ ಪರದೆಯ ಮೇಲೂ ಇತ್ತು. ಯಾರೂ ನನ್ನ ಕೈ ಹಿಡಿದಿರಲಿಲ್ಲ. ನಾನು ಒತ್ತಲಿಲ್ಲ, ಮಾಸ್ತರಿಗೆ ಉತ್ತರವನ್ನೂ ಬರೆಯಲಿಲ್ಲ.

ಆದರೆ ಹಲಗೆ ಕಣ್ಣ ಮುಂದೆ ಬರುತ್ತಿತ್ತು. ಹಲಗೆ, ಅದರ ಕೆಳಗೆ ಅವ್ವನ ದಿಂಬು. ಜಿನೆಯ ಮೆಟ್ಟಿಲ ಹತ್ತಿರ ಹೋಗಿ ಭಾವನಿಗೆ ಫೋನ್ ಮಾಡಿದೆ. ಆ ಪವರ್ ಬ್ಯಾಂಕಿನ ಬಗ್ಗೆ ಯಾರೋ ಕಂಪ್ಲೇಂಟ್ ಮಾಡಿದ್ದಾರೆ, ಕಾಯುತ್ತದಂತೆ, ಸ್ವಲ್ಪ ದಿನ ಚಾರ್ಜಿಗೆ ಹಚ್ಚಬೇಡಿ ಎಂದೆ. ಭಾವ ನಕ್ಕ. ಅಂಗಡಿ ಮುಂದೆ ಗಿರಾಕಿಗಳ ಗದ್ದಲ ಕೇಳಿಸುತ್ತಿತ್ತು.

“ಯಾರೋ ಅಂದ್ರ ಯಾರವಾ? ನೀನs ಬರದೀ, ಮೂರ ದಿನಾ ಬಳಸೀವಿ ಅಂತ. ಗಾಜಿಗೆ ಹಚ್ಚೀನಿ, ಮಂದಿ ಓದಿ ಓದಿ ಒಯ್ಯಾಕತ್ತಾರ. ಯಾರದೋ ಮಾತ ಕೇಳಿ ನಿನ್ನ ಮಾತ ನೀನs ನಂಬಂಗಿಲ್ಲೇನ?”

ಆಗ ಒಂದೇ ಒಂದು ವಾಕ್ಯ ಹೇಳಬೇಕಿತ್ತು. ಭಾವ, ನಾನು ಬಳಸಿಲ್ಲ, ಸುಳ್ಳು ಬರೆದಿದ್ದೇನೆ. ನಾಲಿಗೆಯ ತುದಿಯವರೆಗೂ ಬಂತು. ಹೇಳಿದರೆ ಸಂಜೆಯೊಳಗೆ ಅವ್ವನಿಗೆ ಗೊತ್ತಾಗುತ್ತದೆ. ಚಾಳಿನವರ ಮುಂದೆಲ್ಲ ಅವಳು ಹೇಳಿಕೊಂಡದ್ದು ನೆನಪಾಯಿತು. ನನ್ನ ಮಾನದ ಚಿಂತೆಗೆ ಅವ್ವನ ಹೆಸರು ಕೊಟ್ಟುಕೊಂಡೆ, ಅಷ್ಟೇ. ಚಾರ್ಜಿಗೆ ಹಚ್ಚಿದರೂ ಹಾಗೇ ಬಿಟ್ಟು ಹೋಗಬೇಡಿ, ಯಾರಾದರೂ ನೋಡುತ್ತಿರಲಿ ಎಂದು ಮಾತು ಮುಗಿಸಿದೆ. ಅದಕ್ಕೇನು, ಅತ್ತಿಯವರು ಇಡೀ ದಿನ ಮನೆಯಲ್ಲೇ ಇರುತ್ತಾರಲ್ಲ, ಅವರಿಗೆ ಹೇಳುತ್ತೇನೆ, ಮುಟ್ಟಿ ಮುಟ್ಟಿ ನೋಡುತ್ತಿರುತ್ತಾರೆ ಎಂದ ಭಾವ. ಅತ್ತಿಯವರು ಎಂದರೆ ನನ್ನ ಅವ್ವ. ಹೀಗೆ ನನ್ನ ಅರ್ಧ ಸತ್ಯ ಅವ್ವನನ್ನೇ ಅದರ ಕಾವಲಿಗೆ ಕೂಡಿಸಿತು.

ಗುರುವಾರ ಮೂರು ಗಂಟೆಯ ಹೊತ್ತಿಗೆ ಅಕ್ಕನ ಫೋನ್ ಬಂತು. ಅವಳು ಏನೂ ವಿವರಿಸಲಿಲ್ಲ, ಲಗು ಬಾ ಎಂದಷ್ಟೇ ಅಂದಳು. ಅಂಧೇರಿಯಿಂದ ದಹಿಸರ್‌ವರೆಗೆ ನಾನು ಹೇಗೆ ಹೋದೆನೋ ನೆನಪಿಲ್ಲ. ಪ್ರತಿ ಸ್ಟೇಷನ್ನಿನಲ್ಲೂ ಗಾಡಿ ಬೇಕಂತಲೇ ನಿಂತಂತೆ ಅನಿಸುತ್ತಿತ್ತು, ಅದೊಂದು ನೆನಪಿದೆ.

ಆಮೇಲೆ ತಿಳಿದದ್ದು ಇಷ್ಟು. ಅವ್ವ ಹೇಳಿದ ಕೆಲಸವನ್ನು ಚೊಕ್ಕವಾಗಿ ಮಾಡುವವಳು. ಅರ್ಧ ಗಂಟೆಗೊಮ್ಮೆ ಎದ್ದು, ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಆರನ್ನೂ ಮುಟ್ಟಿ ನೋಡುತ್ತಿದ್ದಳು. ಮಧ್ಯಾಹ್ನ ಐದನೆಯದು ಸುಡುತ್ತಿತ್ತು, ಹೊಟ್ಟೆ ಉಬ್ಬಿತ್ತು. ವಯರು ಕಿತ್ತು ಕೈಯಲ್ಲಿ ಹಿಡಿದುಕೊಂಡು ಹೊರಟಳು. ಬಾಗಿಲ ಹತ್ತಿರ ಗ್ಯಾಸಿನ ಸಿಲಿಂಡರು, ಹಗ್ಗದ ತುಂಬ ಒಣಗಿದ ಬಟ್ಟೆ. ಅಲ್ಲಿ ಬೇಡ ಎಂದು ತಿರುಗಿ, ಕೋಣೆಯ ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿಯ ಕಡೆ ನಡೆದಳು. ಆರೇಳು ಹೆಜ್ಜೆ. ಅಷ್ಟರಲ್ಲಿ ಅದು ಕೈಯಲ್ಲೇ ಹೊತ್ತಿಕೊಂಡಿತು. ಆದರೂ ಕೆಳಗೆ ಬಿಸಾಡಲಿಲ್ಲ, ಮೋರಿಗೆ ಹಾಕಿದ ಮೇಲೆಯೇ ಕೈ ಬಿಟ್ಟಳು. ಚಾಳು ಉಳಿಯಿತು. ಬಲಗೈಯ ಅಂಗೈ ಮತ್ತು ನಾಲ್ಕು ಬೆರಳು ಬೆಂದುಹೋದವು. ಗಾಯ ಮಾಯುತ್ತದೆ, ಬೆರಳು ಪೂರ್ತಿ ಮಡಚುವುದಿಲ್ಲ ಎಂದರು ಡಾಕ್ಟರು. ಸುಣ್ಣದ ಕಡ್ಡಿ ಹಿಡಿದ ಕೈ ಅದು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಸ್ಟೂಲಿನ ಮೇಲೆ ಕೂತು, ಹಾಳು ಚಾಳಿ ನೋಡಿ, ಎದುರಾಳಿಗಳನ್ನು ತೆರೆದೆ. ಓಟದವರು ರಾತ್ರಿಯೇ ಓಡಿದ್ದರು: ‘ದಹಿಸರ್: ಪವರ್ ಬ್ಯಾಂಕ್‌ಗೆ ಬೆಂಕಿ, ವೃದ್ಧೆಗೆ ಗಾಯ’. ಪಟ್ಟಿಯವರು ಇಂಥ ಅನಾಹುತ ತಪ್ಪಿಸಲು ಏಳು ಕ್ರಮ ಕೊಟ್ಟಿದ್ದರು. ದೋಸ್ತಿಯವರು ‘ಹುಷಾರು ಗುರೂ’ ಎಂದಿದ್ದರು. ಒಬ್ಬರೂ ತಾವು ಮೊದಲು ಬರೆದದ್ದರ ಮಾತೆತ್ತಿರಲಿಲ್ಲ. ನನ್ನ ಅವ್ವನ ಕೈ ಮೂರು ಶೈಲಿಗಳಲ್ಲಿ ಸಾಲಾಗಿ ಕೂತಿತ್ತು. ಹತ್ತು ಗಂಟೆಗೆ ಸಂಪಾದಕರು ಫೋನ್ ಮಾಡಿದರು. ಗಾಯಗೊಂಡವರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಎಲ್ಲರೂ ಹಾಕಿ ಆಯಿತು, ಈಗ ನಾವು ಹಾಕಬಹುದು, ಸ್ವಲ್ಪ ಗಂಭೀರವಾಗಿ ಬರಿ ಎಂದರು. ನಾನು ಫೋನ್ ಇಟ್ಟುಬಿಟ್ಟೆ.

ಅವ್ವ ಎಚ್ಚರಾಗಿದ್ದಳು. ಪಕ್ಕದ ಮಂಚದವರಿಗೆ ಹೇಳುತ್ತಿದ್ದಳು: ತಪ್ಪು ವಸ್ತುವಿನದಲ್ಲ, ನನ್ನ ಕೈ ಹಸಿ ಇದ್ದಿರಬೇಕು, ನನ್ನ ಮಗಳು ಅದನ್ನು ಮೂರು ದಿನ ಪರೀಕ್ಷೆ ಮಾಡಿ ನೋಡಿದ್ದಾಳೆ. ಕೇಳುತ್ತ ಕೂತವಳಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಆಮೇಲೆ ನನ್ನ ಕಡೆ ತಿರುಗಿ, ನನ್ನನ್ನು ಸಮಾಧಾನ ಮಾಡುವ ದನಿಯಲ್ಲೇ ಕೇಳಿದಳು:

“ನೀ ಬಳಸಿದಾಗ ಬಿಸಿ ಆಗಿತ್ತೇನವಾ?”

ಮಾಸ್ತರ ಪ್ರಶ್ನೆಯೇ. ಎರಡು ದಿನದಿಂದ ಉತ್ತರ ಕೊಡದೆ ಕೂತಿದ್ದೆ. ಈ ಸಲ ಹೇಳಿದೆ. ಬಳಸೇ ಇಲ್ಲ ಎಂದೆ. ಡಬ್ಬಿಯ ಸೀಲು, ತಖ್ತೆ, ನಾಲ್ಕು ದೀಪ, ಮಾಸ್ತರ ಕಾಗದ, ಭಾವನ ಫೋನು, ಎಲ್ಲವನ್ನೂ ಹೇಳಿದೆ. ಹೇಳುತ್ತ ಅತ್ತೆ. ಅವ್ವ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಆ ಮಾಸ್ತರಿಗೆ ಉತ್ತರ ಬರದಿ?”

ಇಲ್ಲ ಎಂದೆ.

“ಫೋನ ತಗಿ. ನಾ ಹೇಳ್ತೀನಿ, ನೀ ಬರಿ.”

ಚಿಕ್ಕವಳಿದ್ದಾಗ ಅವಳು ಹೇಳಿ ಬರೆಸುತ್ತಿದ್ದ ಉಕ್ತಲೇಖನದ ದನಿ ಅದು. ಒಂದೊಂದೇ ಶಬ್ದ ಬಿಡಿಸಿ, ಪುಸ್ತಕದ ಕನ್ನಡದಲ್ಲಿ, ಪೂರ್ಣವಿರಾಮದ ಹತ್ತಿರ ನಿಂತು ಹೇಳಿದಳು. ನಾನು ತಲೆ ಬಗ್ಗಿಸಿ ಬರೆದೆ. ‘ನಾನು ಅದನ್ನು ಮುಟ್ಟಿ ನೋಡಿಲ್ಲ. ನನ್ನ ತಾಯಿ ಮುಟ್ಟಿ ನೋಡಿದ್ದಾಳೆ. ಬಿಸಿಯಾಗುತ್ತದೆ.’

ಓದಿ ತೋರಿಸು ಎಂದಳು. ಓದಿದೆ. ಕಳಿಸು ಎಂದಳು, ಕಳಿಸಿದೆ.